ನಿಧಾನದವರ ಲೆಕ್ಕ: ಮೊದಲ ಉದ್ದ ಟ್ರಯಥ್ಲಾನ್‌ಗೆ ಮನಸ್ಸಿನ ತಯಾರಿ

ಓದುಗರ ಪ್ರಶ್ನೆ, ತರಬೇತುದಾರರ ಉತ್ತರ

ಗೋವಾದ ಪಣಜಿಯ ಮಿರಾಮಾರ್ ಕಡಲತೀರದಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3 ನಮ್ಮವರಿಗೆ ಮಗ್ಗುಲಲ್ಲೇ ಇರುವ ಸ್ಪರ್ಧೆ. 1.9 ಕಿ.ಮೀ. ಕಡಲ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಒಂದರ ಬೆನ್ನಿಗೆ ಒಂದು. ಒಟ್ಟು 113 ಕಿ.ಮೀ., ಅಂದರೆ 70.3 ಮೈಲಿ, ಹೆಸರು ಬಂದಿದ್ದು ಹಾಗೆ. ಈ ಸಲ ಬಂದ ಪತ್ರಗಳಲ್ಲಿ ಮಂಡಿನೋವು, ಸೈಕಲ್ ಗೇರಿನ ಪ್ರಶ್ನೆಗಳಿಗಿಂತ ಹೆದರಿಕೆಯ ಪ್ರಶ್ನೆಗಳೇ ಜಾಸ್ತಿ. ಬರೆದವರಲ್ಲಿ ಹೆಚ್ಚಿನವರು ಮೊದಲ ಸಲದವರು, ತಮ್ಮನ್ನು ತಾವೇ ‘ಸ್ಲೋ’ ಎಂದು ಕರೆದುಕೊಂಡವರು.

ಪ್ರಶ್ನೆ: ನನಗೆ 44 ವರ್ಷ, ಬ್ಯಾಂಕ್ ಕೆಲಸ. ಈಜುಕೊಳದಲ್ಲಿ 1.9 ಕಿ.ಮೀ.ಗೆ 55 ನಿಮಿಷ, ಬರೀ ಸೈಕಲ್ ಆದರೆ 90 ಕಿ.ಮೀ.ಗೆ 4 ಗಂಟೆ, ಬರೀ ಓಟ ಆದರೆ ಹಾಫ್ ಮ್ಯಾರಥಾನ್ 2 ಗಂಟೆ 35 ನಿಮಿಷ. ಕಟ್-ಆಫ್ (ಮೀರಿದರೆ ಸ್ಪರ್ಧೆಯಿಂದ ಹೊರಗೆ ಹಾಕುವ ಗಡುವು) ನೆನೆದರೆ ನಿದ್ದೆ ಹಾರಿಹೋಗುತ್ತದೆ. ಧೈರ್ಯ ತಂದುಕೊಳ್ಳುವುದು ಹೇಗೆ? (ದಾವಣಗೆರೆ)

ಧೈರ್ಯ ಆಮೇಲೆ ನೋಡೋಣ, ಮೊದಲು ಪೆನ್ನು ಹಿಡಿಯಿರಿ. ನೀವು ಬ್ಯಾಂಕಿನವರು, ಲೆಕ್ಕ ನಿಮಗೆ ಹೊಸದಲ್ಲ.

70.3 ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಮೂರು ಗಡುವು ಇರುತ್ತವೆ. ಈಜಿಗೆ 1 ಗಂಟೆ 10 ನಿಮಿಷ. ಸೈಕಲ್ ಮುಗಿಸಲು, ನೀರಿಗಿಳಿದ ಹೊತ್ತಿನಿಂದ 5 ಗಂಟೆ 30 ನಿಮಿಷ. ಎಲ್ಲ ಮುಗಿಸಲು 8 ಗಂಟೆ 30 ನಿಮಿಷ. (ಆಯೋಜಕರು ಕೊಡುವ ನಿಮ್ಮ ವರ್ಷದ ಕೈಪಿಡಿ, ಅಥ್ಲೀಟ್ ಗೈಡ್‌ನಲ್ಲಿ ಬರೆದಿರುವುದೇ ಕೊನೆಯ ಮಾತು.) ನೀವು ಕೊಟ್ಟ ಮೂರು ಸಂಖ್ಯೆ ಕೂಡಿದರೆ ಏಳೂವರೆ ಗಂಟೆ, ಒಂದು ಗಂಟೆ ಉಳಿಯಿತಲ್ಲ ಅನಿಸುತ್ತದೆ. ಉಳಿಯುವುದಿಲ್ಲ. ಕಡಲಲ್ಲಿ ಗೆರೆ ಇಲ್ಲದೆ ಅತ್ತಿತ್ತ ಹೋಗುತ್ತೀರಿ, ಹಿಡಿದು ತಳ್ಳಿಕೊಳ್ಳಲು ಗೋಡೆಯೂ ಇಲ್ಲ. ಈಜಿಗೆ 63 ನಿಮಿಷ ಹಾಕಿ. ನೀರಿನಿಂದ ಸೈಕಲ್‌ಗೆ ಬದಲಾಗಲು 10. ಸೈಕಲ್ 4 ಗಂಟೆ 5 ನಿಮಿಷ. ಇಲ್ಲಿಗೆ 5 ಗಂಟೆ 18 ನಿಮಿಷ. ಸೈಕಲ್‌ನಿಂದ ಓಟಕ್ಕೆ 8, ದಣಿದ ಕಾಲಿನ ಓಟ 2 ಗಂಟೆ 55 ನಿಮಿಷ. ಒಟ್ಟು 8 ಗಂಟೆ 21 ನಿಮಿಷ.

ಕೊನೆಯ ಗಡುವಿಗೆ ಉಳಿದದ್ದು 9 ನಿಮಿಷ, ಸೈಕಲ್ ಗಡುವಿಗೆ 12. ಒಂದು ಪಂಕ್ಚರ್ ಆದರೆ ಎರಡೂ ಕೈಬಿಟ್ಟ ಹಾಗೆ. ಅಂದರೆ ನಿಮ್ಮ ಹೆದರಿಕೆ ಸುಳ್ಳಲ್ಲ, ಅದರ ಜಾಗ ನಿಮಗೆ ಗೊತ್ತಿರಲಿಲ್ಲ, ಅಷ್ಟೇ. ಈಗ ಗೊತ್ತಾಯಿತು, ಎಲ್ಲಿ ನಿಮಿಷ ಅಗ್ಗವಾಗಿ ಸಿಗುತ್ತದೆ ನೋಡಿ. ಈಜಿನಲ್ಲಿ 5 ನಿಮಿಷ ಇಳಿಸಲು ತಿಂಗಳುಗಟ್ಟಲೆ ಬೇಕು. ಬಟ್ಟೆ-ಶೂ ಬದಲಾಯಿಸುವಲ್ಲಿ 5 ನಿಮಿಷ ಉಳಿಸಲು ಮನೆಯಂಗಳದಲ್ಲಿ ಹತ್ತು ಸಲ ಅಭ್ಯಾಸ ಸಾಕು. ಸೈಕಲ್ ವೇಗ ಗಂಟೆಗೆ 22ರಿಂದ 23.5 ಕಿ.ಮೀ.ಗೆ ಏರಿದರೆ 15 ನಿಮಿಷ ಸಿಗುತ್ತದೆ. ಹನ್ನೆರಡು ವಾರ ವಾರಕ್ಕೊಂದು ಉದ್ದ ಸವಾರಿ, ಒಂದು ಚಿಕ್ಕ ಬಿರುಸಿನ ಸವಾರಿ ಮಾಡಿದರೆ ನಿಮ್ಮಂಥವರಿಗೆ ಅದು ಎಟುಕುವ ಗುರಿ. ಅಷ್ಟಾದರೆ ಕೈಯಲ್ಲಿ ಅರ್ಧ ಗಂಟೆ.

ಸ್ಪರ್ಧೆಯ ದಿನ ವೇಗ ನೋಡುತ್ತ ಕೂರಬೇಡಿ. ಸೈಕಲ್ ಹಿಡಿ ನಡುವೆ ಒಂದು ಬಿಳಿ ಟೇಪ್ ಅಂಟಿಸಿ ನಾಲ್ಕೇ ಸಂಖ್ಯೆ ಬರೆಯಿರಿ: ಸೈಕಲ್ ಹತ್ತುವಾಗ, 45 ಕಿ.ಮೀ.ಯಲ್ಲಿ, 90 ಕಿ.ಮೀ.ಯಲ್ಲಿ, ಓಟದ ಅರ್ಧದಲ್ಲಿ ಎಷ್ಟು ಹೊತ್ತು ಕಳೆದಿರಬೇಕು ಎಂದು. ಸ್ಪರ್ಧಿಗಳನ್ನು ಒಮ್ಮೆಗೆ ಕೆಲವರಂತೆ ನೀರಿಗೆ ಬಿಡುವ ಕಡೆ ಗೋಡೆ ಗಡಿಯಾರದ ಹೊತ್ತು ನಿಮ್ಮ ಹೊತ್ತಲ್ಲ. ಹೊತ್ತು ದಾಖಲಿಸಲು ನೆಲಕ್ಕೆ ಹಾಸಿದ ಆರಂಭದ ಮ್ಯಾಟ್ ದಾಟುವಾಗ ವಾಚ್ ಒತ್ತಿ, ಆ ವಾಚನ್ನೇ ನಂಬಿ.

ಹಾಗೇ ಒಂದು ಮಾತು: ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಇದೇ ಗೋವಾ ಸ್ಪರ್ಧೆ ಮುಗಿಸಿದ್ದು 8 ಗಂಟೆ 27 ನಿಮಿಷ 32 ಸೆಕೆಂಡಿಗೆ. ಗಡುವಿಗೆ ಎರಡೂವರೆ ನಿಮಿಷ ಬಾಕಿ ಇತ್ತು. ಗಡುವಿನೊಳಗೆ ಮುಗಿಸಿದರೆ ಮೆಡಲ್ ಎಲ್ಲರಿಗೂ ಸಿಗುವುದೇ.

ಪ್ರಶ್ನೆ: ಶಾಲಾ ಶಿಕ್ಷಕಿ. ಈಜುಕೊಳದಲ್ಲಿ 2 ಕಿ.ಮೀ. ಸರಾಗ. ಕಳೆದ ಚಳಿಗಾಲ ಮಲ್ಪೆಯಲ್ಲಿ ಇಪ್ಪತ್ತು ಮೀಟರ್ ಹೋಗುವಷ್ಟರಲ್ಲಿ ಎದೆ ಬಿಗಿದು, ಉಸಿರೇ ಸಿಗದೆ ವಾಪಸ್ ಬಂದೆ. ಇದು ಮನಸ್ಸಿನ ದೌರ್ಬಲ್ಯವೇ? (ಮೈಸೂರು)

ಅಲ್ಲ. ಗಾಬರಿಯಲ್ಲಿ ನಾವು ಉಸಿರು ಎಳೆಯುತ್ತಲೇ ಹೋಗುತ್ತೇವೆ, ಬಿಡುವುದಿಲ್ಲ. ಶ್ವಾಸಕೋಶ ಆಗಲೇ ತುಂಬಿರುವುದರಿಂದ ಹೊಸ ಗಾಳಿಗೆ ಜಾಗವಿಲ್ಲ, ಅದಕ್ಕೇ ‘ಉಸಿರು ಸಿಗುತ್ತಿಲ್ಲ’ ಅನಿಸುವುದು. ಅದರ ಜತೆಗೆ ತಳ ಕಾಣದ ನೀರು, ಬಾಯಿಗೆ ಉಪ್ಪು, ಪಕ್ಕದವರ ಕಾಲು. ಮದ್ದು ಒಂದೇ: ಬಿಡುವ ಉಸಿರನ್ನು ಎಣಿಸುವುದು.

ಆದರೆ ಮೊದಲು ವೈದ್ಯರನ್ನು ನೋಡಿ. ನೆಲದ ಮೇಲೆ ಓಡುವಾಗಲೂ ಎದೆ ಬಿಗಿಯುವುದು, ತಲೆ ಸುತ್ತಿ ಬೀಳುವುದು, ಈಜಿ ಮೇಲೆ ಬಂದ ನಂತರವೂ ಕೆಮ್ಮು ನಿಲ್ಲದೆ ಗುಲಾಬಿ ಬಣ್ಣದ ನೊರೆ ಬರುವುದು, ಇವು ಗಾಬರಿಯ ಲಕ್ಷಣಗಳಲ್ಲ. ಕೊನೆಯದಂತೂ ಶ್ವಾಸಕೋಶದಲ್ಲಿ ನೀರು ತುಂಬುವ ಲಕ್ಷಣ. ಕೂಡಲೇ ನೀರು ಬಿಟ್ಟು ಆಸ್ಪತ್ರೆಗೆ ಹೋಗಬೇಕು.

ವೈದ್ಯರು ಸರಿ ಎಂದ ಮೇಲೆ, ಕಡಲಿಗೆ ಹೋಗುವ ಮುಂಚೆ ಎಂಟು ವಾರ ಈಜುಕೊಳದಲ್ಲೇ ಕಡಲನ್ನು ಕಟ್ಟಿಕೊಳ್ಳಿ. ವಾರಕ್ಕೊಮ್ಮೆ 400 ಮೀಟರ್ ಗೋಡೆ ಮುಟ್ಟದೆ ಈಜಿ. ಗೋಡೆಗೆ ಎರಡು ಮೀಟರ್ ಮೊದಲೇ ತಿರುಗಿಕೊಳ್ಳಿ. ಕೋಚ್ ಪಕ್ಕದಲ್ಲಿರುವಾಗ, ಲೇನ್ ಖಾಲಿ ಇದ್ದಾಗ, ಆರು ಕೈ (ಆರು ಸಲ ಕೈ ಬೀಸುವಷ್ಟು) ಕಣ್ಣು ಮುಚ್ಚಿ ಈಜಿ, ತೆರೆದಾಗ ಎಷ್ಟು ಓರೆ ಹೋಗಿದ್ದೀರಿ ನೋಡಿ. ಹೆಚ್ಚಿನವರು ಯಾವಾಗಲೂ ಒಂದೇ ಕಡೆಗೆ ವಾಲುತ್ತಾರೆ, ಅದು ಗೊತ್ತಿದ್ದರೆ ಕಡಲಲ್ಲಿ ಸರಿಪಡಿಸಿಕೊಳ್ಳಬಹುದು. ಮೂವರು ಒಂದೇ ಲೇನಿನಲ್ಲಿ ಮೈಗೆ ಮೈ ತಾಗುವಂತೆ ಈಜಿ. ಆಳದ ಕಡೆ ತೇಲುತ್ತಲೇ ಗಾಗಲ್ಸ್ ತೆಗೆದು, ನೀರು ಚೆಲ್ಲಿ, ಮತ್ತೆ ಹಾಕಿಕೊಳ್ಳಿ. ಇದನ್ನು ಮರೆತವರು ಯಾರದೋ ಮೊಣಕೈ ತಾಗಿ ಗಾಗಲ್ಸ್ ಸರಿದಾಗಲೇ ಕಂಗೆಡುವುದು. ಪ್ರತಿ ಎಂಟು-ಹತ್ತು ಕೈಗೊಮ್ಮೆ ಮೊಸಳೆಯ ಹಾಗೆ ಕಣ್ಣು ಮಾತ್ರ ನೀರಿನ ಮೇಲೆ ತಂದು ಮುಂದೆ ನೋಡಿ, ಆಮೇಲೆ ಪಕ್ಕಕ್ಕೆ ತಿರುಗಿ ಉಸಿರಾಡಿ. ಇಡೀ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕು ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವ ಮಾತೇ ಬೇಡ. ಗೋವಾ ಸ್ಪರ್ಧೆ ನಡೆಯುವುದು ಅಕ್ಟೋಬರ್-ನವೆಂಬರ್ ಆಸುಪಾಸಿನಲ್ಲಿ. ಮಳೆ ಮುಗಿದು ಸ್ಪರ್ಧೆ ಬರುವ ನಡುವೆ ಸಿಗುವುದು ಕೆಲವೇ ವಾರ. ಹಾಗಾಗಿ ಕಡಲ ಗುರುತು ಮಾಡಿಕೊಳ್ಳಬೇಕಾದ್ದು ಡಿಸೆಂಬರ್‌ನಿಂದ ಮೇ ತಿಂಗಳೊಳಗೆ, ಆರೇಳು ಸಲವಾದರೂ. ಒಬ್ಬರೇ ಬೇಡ, ಜೀವರಕ್ಷಕರು ಇಳಿಯಬಹುದು ಎಂದ ದಿನ, ಗುಂಪಿನೊಂದಿಗೆ, ಸೊಂಟಕ್ಕೆ ಕಟ್ಟುವ ಕೇಸರಿ ತೇಲುಚೀಲ ಹಾಕಿಕೊಂಡು, ದಡಕ್ಕೆ ಸಮಾನಾಂತರವಾಗಿ. ಮೊದಲ ದಿನ ಐದು ನಿಮಿಷ ಬರೀ ಅಂಗಾತ ತೇಲಿ ವಾಪಸ್ ಬನ್ನಿ. ಅಂದಿಗೆ ಅಷ್ಟೇ ಪಾಠ.

ಸ್ಪರ್ಧೆಯ ದಿನ ಗುಂಪಿನ ಹಿಂದೆ, ಅಂಚಿನಲ್ಲಿ ನಿಲ್ಲಿ. ಮೊದಲ 200 ಮೀಟರ್ ನಾಚಿಕೆಯಾಗುವಷ್ಟು ನಿಧಾನ. ಗಾಬರಿ ಬಂದರೆ ಕ್ರಮ ಹೀಗೆ: ಅಂಗಾತ ತಿರುಗಿ, ಕೈ ಅಗಲಿಸಿ, ಮೂರು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಹತ್ತು ಸಲ. ಆಮೇಲೆ ಇಪ್ಪತ್ತು ಕೈ ಕಪ್ಪೆಯಂತೆ ಈಜುವ ಬ್ರೆಸ್ಟ್‌ಸ್ಟ್ರೋಕ್, ಆಮೇಲೆ ಮತ್ತೆ ನಿಮ್ಮ ಈಜು. ಇನ್ನೂ ಹಿಡಿತ ಸಿಗಲಿಲ್ಲವೇ, ಕೈ ಎತ್ತಿ ರಕ್ಷಕರ ಕಯಾಕ್ (ಚಿಕ್ಕ ದೋಣಿ) ಕರೆಯಿರಿ. ಕಯಾಕ್ ಹಿಡಿದು ಸುಧಾರಿಸಿಕೊಳ್ಳುವುದು ನಿಯಮದ ಪ್ರಕಾರ ತಪ್ಪಲ್ಲ; ಅದನ್ನು ಹಿಡಿದು ಮುಂದಕ್ಕೆ ಸಾಗಬಾರದು, ಅಷ್ಟೇ. ಇದು ಗೊತ್ತಿಲ್ಲದೆ ಒದ್ದಾಡುವವರು ಎಷ್ಟೋ ಮಂದಿ. ಒಂದು ಬಿಡುವಿಗೆ ಒಂದೂವರೆ ನಿಮಿಷ ಹಿಡಿದರೂ ಎರಡು ಸಲಕ್ಕೆ ಮೂರು ನಿಮಿಷ. ನಿಮ್ಮ ಲೆಕ್ಕದಲ್ಲಿ ಅದನ್ನು ಮೊದಲೇ ಸೇರಿಸಿಬಿಡಿ.

ತೇಲಿಸುವ ವೆಟ್‌ಸೂಟ್ ನೆಚ್ಚಿಕೊಳ್ಳಬೇಡಿ. ನೀರು 24.5 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದಕ್ಕೆ ಅನುಮತಿ ಇರುವುದಿಲ್ಲ, ಗೋವಾದ ಕಡಲು ಅದಕ್ಕಿಂತ ಬೆಚ್ಚಗಿರುತ್ತದೆ.

ಪ್ರಶ್ನೆ: ಬಿಸಿಲು ನಮಗೇನ್ ಹೊಸದಲ್ರೀ. 40 ಡಿಗ್ರಿಯೊಳಗ ಓಡೀನಿ. ಗೋವಾ ಹವಾಕ್ಕ ಬ್ಯಾರೆ ತಯಾರಿ ಬೇಕೇನು? (ಕಲಬುರಗಿ)

ಬೇಕು. ನಿಮ್ಮೂರಿನ ಬಿಸಿಲು ಒಣ ಬಿಸಿಲು, ಬೆವರು ಹುಟ್ಟಿದ ಕೂಡಲೇ ಆರಿ ಮೈ ತಣಿಯುತ್ತದೆ. ಗೋವಾದಲ್ಲಿ ಬೆವರು ಆರದೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ, ಮೈ ತಣಿಯುವುದಿಲ್ಲ. ಅದೇ ವೇಗಕ್ಕೆ ಎದೆಬಡಿತ ನಿಮಿಷಕ್ಕೆ ಹತ್ತು ಜಾಸ್ತಿ ಕಂಡರೆ ‘ಇವತ್ತು ನನ್ನ ದಿನ ಅಲ್ಲ’ ಎಂದು ಮನಸ್ಸು ಕುಸಿಯುತ್ತದೆ. ಬಿಸಿಲಿಗೆ ಪಳಗಿದವರಿಗೇ ಈ ಪೆಟ್ಟು ಹೆಚ್ಚು, ಯಾಕೆಂದರೆ ಅವರು ಇದನ್ನು ನಿರೀಕ್ಷಿಸಿರುವುದಿಲ್ಲ. ಹತ್ತರಿಂದ ಹದಿನಾಲ್ಕು ದಿನ, ದಿನಕ್ಕೆ ಸುಮಾರು ಒಂದು ಗಂಟೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಇಲ್ಲದೆ ಟ್ರೇನರ್ (ಸೈಕಲ್ ನಿಂತಲ್ಲೇ ತುಳಿಯಲು ಇರುವ ಸ್ಟ್ಯಾಂಡ್) ಮೇಲೆ ಹಗುರಾಗಿ ಸೈಕಲ್ ತುಳಿಯಿರಿ. ಮನೆಯಲ್ಲಿ ಇನ್ನೊಬ್ಬರು ಇರಲಿ, ತಲೆ ಸುತ್ತಿದರೆ ನಿಲ್ಲಿಸಿ. ಬೆಂಗಳೂರಿನ ತಂಪಿನವರಿಗೂ ಇದೇ ಮಾತು. ಓಟದಲ್ಲಿ ಮಂಜುಗಡ್ಡೆ ಸಿಕ್ಕಿದರೆ ಟೋಪಿಯೊಳಗೆ ಹಾಕಿಕೊಳ್ಳಿ, ನೀರು ಕತ್ತಿನ ಹಿಂದೆ ಸುರಿಯಿರಿ. ಶೂ ಒಳಗೆ ಹೋಗದಂತೆ ಬಗ್ಗಿ ಸುರಿದುಕೊಳ್ಳಿ. ಒದ್ದೆ ಕಾಲುಚೀಲ, ಹತ್ತನೇ ಕಿಲೋಮೀಟರಿಗೆ ಬೊಬ್ಬೆ.

ಪ್ರಶ್ನೆ: ಉದ್ದ ಅಭ್ಯಾಸದ ಕೊನೆಯಲ್ಲಿ, ಸೈಕಲ್ ಆಗಿ ಓಟಕ್ಕೆ ಬಂದ ಮೇಲೆ, ‘ಇದೆಲ್ಲ ಯಾಕೆ ಬೇಕಿತ್ತು’ ಅನಿಸಿ ನಿಂತುಬಿಡುತ್ತೇನೆ. ಎಂಥ ಮಂತ್ರ ಹೇಳಿಕೊಳ್ಳಲಿ? (ಬೆಂಗಳೂರು, ಸಾಫ್ಟ್‌ವೇರ್)

ಮಂತ್ರಕ್ಕೆ ಮೊದಲು ಹೊಟ್ಟೆ ವಿಚಾರಿಸಿ. ನಾಲ್ಕೈದು ಗಂಟೆಯ ಮೇಲೆ ಬರುವ ವೈರಾಗ್ಯದಲ್ಲಿ ಬಹುಪಾಲು ಸಕ್ಕರೆ ಇಳಿದದ್ದರಿಂದ ಬಂದದ್ದು. ಗಂಟೆಗೆ 40ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಒಳಗೆ ಹೋಗಬೇಕು. ಒಂದು ಬಾಳೆಹಣ್ಣು ಅಥವಾ ಒಂದು ಜೆಲ್ (ಪೊಟ್ಟಣದಲ್ಲಿ ಬರುವ ಸಕ್ಕರೆ ಪಾಕ) ಅಥವಾ ಮಧ್ಯಮ ಗಾತ್ರದ ನಾಲ್ಕು ಖರ್ಜೂರ, ಪ್ರತಿಯೊಂದೂ ಸುಮಾರು 20ರಿಂದ 25 ಗ್ರಾಂ. ಅಂದರೆ ಅರ್ಧ ಗಂಟೆಗೊಂದು, ಹಸಿವಾಗಲಿ ಆಗದಿರಲಿ. ವಾಚಿನಲ್ಲಿ ಅಲಾರಂ ಇಡಿ. ಸೈಕಲ್ ಮೇಲೆ ತಿನ್ನುವುದು ಸುಲಭ, ಓಟದಲ್ಲಿ ಹೊಟ್ಟೆ ಕುಲುಕಿ ಬೇಡವೆನ್ನುತ್ತದೆ. ಸೈಕಲ್ ಮೇಲೆ ತಿನ್ನದವರು ಓಟದಲ್ಲಿ ಅದರ ಬೆಲೆ ತೆರುತ್ತಾರೆ. ಮನೆಯ ಪಾನೀಯ ಬೇಕಾದರೆ ಒಂದು ಲೀಟರ್ ನೀರಿಗೆ ನಾಲ್ಕು ಟೇಬಲ್ ಚಮಚ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆ. ಅಭ್ಯಾಸದಲ್ಲಿ ಕುಡಿಯದ್ದನ್ನು ಅಂದು ಕುಡಿಯಬೇಡಿ.

ನೀರಿನ ವಿಷಯದಲ್ಲಿ ನಿಧಾನದವರಿಗೆ ಬೇರೆಯದೇ ಅಪಾಯ. ಹೆಚ್ಚು ಹೊತ್ತು ದಾರಿಯಲ್ಲಿರುತ್ತೀರಿ, ದಾರಿಬದಿ ನೀರು-ತಿಂಡಿ ಕೊಡುವ ಪ್ರತಿ ಏಡ್ ಸ್ಟೇಷನ್‌ನಲ್ಲೂ ಲೋಟ ಸಿಗುತ್ತದೆ, ಹೆದರಿ ಕುಡಿಯುತ್ತಲೇ ಹೋಗುತ್ತೀರಿ; ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಉಂಗುರ ಬಿಗಿಯುವುದು, ಬೆರಳು ಊದುವುದು, ವಾಕರಿಕೆ, ತಲೆನೋವು, ಮಾತು ತಡವರಿಸುವುದು ಇದರ ಗುರುತು. ಆಗ ಇನ್ನಷ್ಟು ನೀರು ಕುಡಿದರೆ ಕೆಡುತ್ತದೆ, ವೈದ್ಯರ ಟೆಂಟ್‌ಗೆ ಹೋಗಬೇಕು. ನಿಮ್ಮ ಅಳತೆ ತಿಳಿಯಲು ಒಂದು ಗಂಟೆ ಓಡುವ ಮುಂಚೆ, ಆಮೇಲೆ ತೂಕ ನೋಡಿ. ಇಳಿದ ತೂಕಕ್ಕೆ ಕುಡಿದ ನೀರು ಸೇರಿಸಿದರೆ ಗಂಟೆಯ ಬೆವರು ಸಿಕ್ಕಿತು. ಒಂದು ಕಿಲೋಗೆ ಒಂದು ಲೀಟರ್. ಅದಕ್ಕಿಂತ ಹೆಚ್ಚು ಕುಡಿಯಬೇಡಿ. ನೋವಿನ ಮಾತ್ರೆ ನುಂಗಿ ಓಡುವ ಚಾಳಿ ಇದ್ದರೆ ಬಿಡಿ, ಮೂತ್ರಪಿಂಡಕ್ಕೆ ಹೊಡೆತ.

ಹೊಟ್ಟೆ, ಉಪ್ಪು, ಸೆಕೆ ಮೂರೂ ಸರಿಯಿದ್ದೂ ಮನಸ್ಸು ಕುಗ್ಗಿದರೆ ಆಗ ಮಾತಿಗೆ ಕೆಲಸ. ‘ನಾನು ಗಟ್ಟಿಗ’ ಎಂದುಕೊಂಡರೆ ಕಾಲಿಗೆ ಏನೂ ತಿಳಿಯುವುದಿಲ್ಲ. ‘ಭುಜ ಸಡಿಲ ಬಿಡು’, ‘ಹೆಜ್ಜೆ ಚಿಕ್ಕದು ಮಾಡು’, ‘ಆ ಬಾಳೆ ಟೇಬಲ್ ತನಕ’ ಎಂದರೆ ತಿಳಿಯುತ್ತದೆ. ಮೊದಲ ಹೆಜ್ಜೆಯಿಂದಲೇ ನಾಲ್ಕು ನಿಮಿಷ ಓಟ, ಒಂದು ನಿಮಿಷ ಬಿರುಸು ನಡಿಗೆ ಮಾಡಿ. ಕಿ.ಮೀ.ಗೆ 7 ನಿಮಿಷ 15 ಸೆಕೆಂಡಿನ ಓಟ, 10 ನಿಮಿಷದ ನಡಿಗೆ ಸೇರಿದರೆ ಸರಾಸರಿ 7 ನಿಮಿಷ 40 ಸೆಕೆಂಡ್, 21.1 ಕಿ.ಮೀ. ಸುಮಾರು 2 ಗಂಟೆ 42 ನಿಮಿಷಕ್ಕೆ ಮುಗಿಯುತ್ತದೆ. ಸುಸ್ತಾದ ಮೇಲೆ ನಡೆದರೆ ಅದು ಸೋಲಿನಂತೆ ಕಾಣುತ್ತದೆ, ಮೊದಲೇ ನಿಗದಿ ಮಾಡಿ ನಡೆದರೆ ಅದು ಯೋಜನೆಯ ಭಾಗ. ಕಾಲು ಎರಡೂ ಸಲ ಒಂದೇ, ತಲೆಯೊಳಗಿನ ಲೆಕ್ಕ ಬೇರೆ.

ಪ್ರಶ್ನೆ: ಎಲ್ಲರೂ ದಾಟಿಕೊಂಡು ಹೋಗುತ್ತಿದ್ದರೆ ಮನಸ್ಸು ಕೆಡುತ್ತದೆ. (ಹಾಸನ)

ದಾಟಿಹೋಗುತ್ತಾರೆ, ಇಡೀ ದಿನ. ಸೈಕಲ್ ಮೇಲೆ ಯಾರಾದರೂ ದಾಟಿದ ಮೇಲೆ ನೀವೇ ಹಿಂದೆ ಸರಿದು 12 ಮೀಟರ್ ಅಂತರ ಕೊಡಬೇಕು ಎಂಬುದು ನೆನಪಿರಲಿ. ಕೋಪಕ್ಕೆ ಬೆನ್ನು ಹತ್ತಿ ಹೋದರೆ 5 ನಿಮಿಷದ ದಂಡ. ಓಟ ಸುತ್ತುಗಳಲ್ಲಿದ್ದರೆ ಇನ್ನೂ ಕಷ್ಟದ ಗಳಿಗೆ ಒಂದಿದೆ: ಮುಗಿಸುವ ಕಮಾನಿನ ಪಕ್ಕದಲ್ಲೇ ಹಾದು, ಮೈಕಿನಲ್ಲಿ ಬೇರೆಯವರ ಹೆಸರು ಕೇಳುತ್ತ, ನೀವು ಮಾತ್ರ ಮುಂದಿನ ಸುತ್ತಿಗೆ ತಿರುಗಬೇಕು. ಅನೇಕರು ಬಿಟ್ಟುಹೋಗುವುದು ಅಲ್ಲೇ. ಹಿಂದಿನ ದಿನ ಆ ತಿರುವಿಗೆ ಹೋಗಿ ನಿಂತು ನೋಡಿ ಬನ್ನಿ. ಅಭ್ಯಾಸದ ಓಟವನ್ನೂ ಮನೆ ಬಾಗಿಲ ಮುಂದೆ ಮೂರು ಸಲ ಹಾದುಹೋಗುವಂತೆ ಹಾಕಿಕೊಳ್ಳಿ, ಒಳಗಿಂದ ಒಗ್ಗರಣೆ ವಾಸನೆ ಬಂದರೂ ನಿಲ್ಲದೆ.

ಪ್ರಶ್ನೆ: ನಮ್ಮ ಯಜಮಾನರು ಸ್ಪರ್ಧೆಗೆ ಹೋಗುತ್ತಿದ್ದಾರೆ, ಮಕ್ಕಳೂ ನಾನೂ ಜೊತೆಗೆ. ನಮ್ಮ ಕಡೆಯಿಂದ ಏನು ಸಹಾಯ ಮಾಡಬಹುದು? (ಶಿವಮೊಗ್ಗ)

ನೀರು, ತಿಂಡಿ ಏನನ್ನೂ ಕೈಗೆ ಕೊಡಬೇಡಿ, ಪಕ್ಕದಲ್ಲಿ ಓಡಬೇಡಿ. ಹೊರಗಿನ ಸಹಾಯ ನಿಯಮಕ್ಕೆ ವಿರುದ್ಧ, ಪ್ರೀತಿಯಿಂದ ಕೊಟ್ಟ ಒಂದು ಬಾಟಲಿಗೆ ಅವರು ಅನರ್ಹರಾಗಬಹುದು. ಕೂಗಬಹುದು. ‘ಇನ್ನೇನು ಬಂದೇಬಿಟ್ಟಿತು’ ಎನ್ನಬೇಡಿ, ಇನ್ನೂ 14 ಕಿ.ಮೀ. ಇರುವವರಿಗೆ ಅದು ಸಿಟ್ಟು ತರಿಸುತ್ತದೆ. ‘ಜೆಲ್ ತಿಂದ್ರಾ?’ ಎಂದು ಕೇಳಿ. ಎಲ್ಲಿ ನಿಂತಿರುತ್ತೀರಿ ಎಂದು ಮೊದಲೇ ಹೇಳಿ, ಅಲ್ಲೇ ನಿಂತಿರಿ. ಆ ಜಾಗ ನೆನೆದು ಅವರು ಮೂರು ಕಿಲೋಮೀಟರ್ ಎಳೆದುಕೊಂಡು ಬಂದಿರುತ್ತಾರೆ. ಮೊಬೈಲ್ ಟ್ರ್ಯಾಕರ್‌ನಲ್ಲಿ ಚುಕ್ಕೆ ನಿಂತಲ್ಲೇ ನಿಂತರೆ ಗಾಬರಿ ಬೇಡ. ಅವರ ಕಾಲಿಗೆ ಕಟ್ಟಿದ ಚಿಪ್‌ನಿಂದ ಹೊತ್ತು ದಾಖಲಾಗುವುದು ಮ್ಯಾಟ್ ದಾಟಿದಾಗ ಮಾತ್ರ.

ಪ್ರಶ್ನೆ: ಕೊನೆಯ ವಾರ ಅಭ್ಯಾಸ ಕಡಿಮೆ ಮಾಡಿದರೆ ತಲೆ ಕೆಡುತ್ತದೆ. ಆಫೀಸ್ ಕೆಲಸ ಮುಗಿಸಿಬಿಡೋಣ ಎಂದುಕೊಂಡಿದ್ದೇನೆ, ಸರಿಯೇ? (ಹುಬ್ಬಳ್ಳಿ)

ಸೋಮವಾರ, ಮಂಗಳವಾರ ಮುಗಿಸಿ. ಸ್ಪರ್ಧೆ ಭಾನುವಾರ, ಶುಕ್ರವಾರದ ನಂತರ ಬೇಡ. 2009ರಲ್ಲಿ ಬ್ರಿಟನ್ನಿನ ಬ್ಯಾಂಗೊರ್ ವಿಶ್ವವಿದ್ಯಾಲಯದ ಸಂಶೋಧಕರು ಹದಿನಾರು ಮಂದಿಗೆ ತೊಂಬತ್ತು ನಿಮಿಷ ಗಮನ ಬೇಡುವ ಕಂಪ್ಯೂಟರ್ ಕೆಲಸ ಕೊಟ್ಟು ಆಮೇಲೆ ಸೈಕಲ್ ತುಳಿಸಿದರು. ಸುಮ್ಮನೆ ಸಾಕ್ಷ್ಯಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡ್ ತುಳಿದವರು, ತಲೆ ದಣಿದ ದಿನ 640 ಸೆಕೆಂಡಿಗೆ ಸೋತರು. ಹೃದಯ, ಸ್ನಾಯು ಅಷ್ಟೇ ಚೆನ್ನಾಗಿದ್ದವು. ಕಷ್ಟ ಹೆಚ್ಚು ಎಂದು ಅನಿಸಿತ್ತು. ಹಿಂದಿನ ದಿನ ಕ್ರೀಡಾ ಸಾಮಾನಿನ ಮಳಿಗೆಗಳ ಎಕ್ಸ್‌ಪೋದಲ್ಲಿ ಮೂರು ಗಂಟೆ ಅಲೆಯುವುದು, ಪಕ್ಕದವರ ಕಾರ್ಬನ್ ಚಕ್ರ ನೋಡಿ ಕೊರಗುವುದು ಇದೇ ಜಾತಿಯ ದಣಿವು.

ಆ ಬಿಡುವಿನಲ್ಲಿ ‘ಹೀಗಾದರೆ ಹೀಗೆ’ ಎಂಬ ಒಂದು ಪುಟ ಬರೆಯಿರಿ. ಪಂಕ್ಚರ್ ಆದರೆ: ಪಕ್ಕಕ್ಕೆ ನಿಲ್ಲು, ಹಿಂದಿನ ಚಕ್ರವಾದರೆ ಗೇರ್ ಚಿಕ್ಕ ಹಲ್ಲಿಗೆ ತಾ, ಟ್ಯೂಬ್ ತೆಗೆ, ಟೈರಿನ ಒಳಮೈ ಬೆರಳಿಂದ ಸುತ್ತಲೂ ಸವರಿ ಮುಳ್ಳು ಹುಡುಕು, ಆಮೇಲೆ ಹೊಸ ಟ್ಯೂಬ್. ಮುಳ್ಳು ಬಿಟ್ಟು ಟ್ಯೂಬ್ ಹಾಕಿದರೆ ಎರಡು ಕಿಲೋಮೀಟರಿಗೆ ಮತ್ತೆ ಗಾಳಿ ಹೋಗುತ್ತದೆ, ಆಗ ಒಡೆಯುವುದು ಟ್ಯೂಬ್ ಒಂದೇ ಅಲ್ಲ. ಮನೆಯಲ್ಲಿ ವಾಚ್ ಹಿಡಿದು ಹತ್ತು ನಿಮಿಷದೊಳಗೆ ಆಗುವ ತನಕ ಮಾಡಿ. ಗಾಗಲ್ಸ್ ಹರಿದರೆ, ಬಾಟಲಿ ಬಿದ್ದರೆ, ವಾಂತಿಯಾದರೆ, ವಾಚ್ ಸತ್ತರೆ, ಪ್ರತಿಯೊಂದಕ್ಕೂ ಒಂದೇ ಸಾಲು ಸಾಕು. ಸೈಕಲ್ ಮುಟ್ಟುವ ಮುಂಚೆ ಹೆಲ್ಮೆಟ್ ಪಟ್ಟಿ ಹಾಕಿರಬೇಕು ಎಂಬುದನ್ನೂ ಬರೆದುಕೊಳ್ಳಿ. ನಡುಗುವ ಕೈಗೆ ಆ ಕೊಕ್ಕೆ ಸಿಗುವುದಿಲ್ಲ.

ಶನಿವಾರ ರಾತ್ರಿ ನಿದ್ದೆ ಬರಲಿಕ್ಕಿಲ್ಲ. ಗುರುವಾರ, ಶುಕ್ರವಾರ ಚೆನ್ನಾಗಿ ಮಲಗಿದ್ದರೆ ಒಂದು ರಾತ್ರಿ ಹೋದರೂ ನಡೆಯುತ್ತದೆ. ಕಣ್ಣು ಮುಚ್ಚಿ ಸುಮ್ಮನೆ ಬಿದ್ದುಕೊಳ್ಳಿ.

ಪ್ರಶ್ನೆ: ಎಲ್ಲ ಮಾಡಿಯೂ ಗಡುವು ತಪ್ಪಿದರೆ? (ಹೆಸರು ಊರು ಬೇಡ)

ಯಾರಿಗೆ ಏನು ಹೇಳುತ್ತೀರಿ ಎಂಬುದನ್ನು ಈಗಲೇ ಒಂದು ಸಾಲಿನಲ್ಲಿ ನಿಗದಿ ಮಾಡಿಡಿ: ‘ಸೈಕಲ್ 84ನೇ ಕಿ.ಮೀ.ಯಲ್ಲಿ ಹೊತ್ತು ಮೀರಿತು.’ ಅಷ್ಟೇ, ವಿವರಣೆ ಬೇಡ. ಅಧಿಕಾರಿ ನಿಲ್ಲಿಸಿದರೆ ವಾದಿಸಬೇಡಿ, ರಸ್ತೆ ವಾಹನಗಳಿಗೆ ತೆರೆದುಕೊಳ್ಳುವ ಹೊತ್ತದು. ಚಿಪ್ ಕೇಳಿದರೆ ಕೊಡಿ. ಏನಾದರೂ ಉಪ್ಪಿನದು, ಸಿಹಿಯದು ತಿಂದು ಅವರ ಗಾಡಿಯಲ್ಲೇ ವಾಪಸ್ ಬನ್ನಿ, ಬಿಸಿಲಿನಲ್ಲಿ ಒಬ್ಬರೇ ನಡೆದು ಬರಬೇಡಿ. ಮೂರು ದಿನದೊಳಗೆ ನಿಮ್ಮ ನಾಲ್ಕು ಹೊತ್ತುಗಳನ್ನು ಟೇಪಿನಲ್ಲಿ ಬರೆದಿದ್ದ ಹೊತ್ತುಗಳ ಪಕ್ಕ ಬರೆದಿಡಿ, ಎಲ್ಲಿ ಎಷ್ಟು ನಿಮಿಷ ಸೋರಿತು ಎಂಬುದು ಆಗ ನೆನಪಿರುತ್ತದೆ. ಮತ್ತೆ ಹೆಸರು ಕೊಡುವುದೋ ಬಿಡುವುದೋ ಎಂಬುದನ್ನು ಎರಡು ವಾರ ಮುಟ್ಟಬೇಡಿ. ಆಯೋಜಕರು ನಿಮ್ಮ ಕೈಗೆ ಕಟ್ಟಿದ ಕೈಪಟ್ಟಿಯನ್ನು ಮಾತ್ರ ಬೇಜಾರಿನಲ್ಲಿ ಕತ್ತರಿಸಿ ಎಸೆಯಬೇಡಿ. ಅದನ್ನು ತೋರಿಸದೆ ಸೈಕಲ್ ವಾಪಸ್ ಕೊಡುವುದಿಲ್ಲ.